ಅಳೆದು ನೋಡಿದ ರಕ್ತ: ಬೆಳಗಾವಿಯ ಹಳ್ಳಿಗಳಲ್ಲಿ ನಡೆದ ಒಂದು ಅಧ್ಯಯನ



ಮೇ ತಿಂಗಳ 31ರಂದು ನಾವು ಮಾತೆ ಮರಿಯಮ್ಮನವರು ಎಲಿಜಬೇತಮ್ಮನವರನ್ನು ಸಂದರ್ಶಿಸಿದ ಹಬ್ಬವನ್ನು ಆಚರಿಸುತ್ತೇವೆ. ಆ ದಿನದ ಪ್ರಬೋಧನೆಯಲ್ಲಿ ನಾವು ಗುರುಗಳು ಹೆಚ್ಚಾಗಿ ಮರಿಯಮ್ಮನವರ ಸ್ತುತಿಗೀತೆಯ ಮೇಲೆ ಮಾತನಾಡುತ್ತೇವೆ. ಆದರೆ ಸಂತ ಲೂಕರು ಅದರ ನಂತರ ಬರೆದಿಟ್ಟ ಒಂದು ಚಿಕ್ಕ ಸಂಗತಿಯನ್ನು ಎಷ್ಟೋ ಸಲ ದಾಟಿಕೊಂಡು ಹೋಗುತ್ತೇವೆ: ಮರಿಯಮ್ಮನವರು ಸುಮಾರು ಮೂರು ತಿಂಗಳು ಆ ಮನೆಯಲ್ಲಿ ಉಳಿದರು. ವಯಸ್ಸಾದ ಗರ್ಭಿಣಿಯ ಮನೆಯಲ್ಲಿ ಮೂರು ತಿಂಗಳು ಎಂದರೆ ನೀರು ತರುವುದು, ಹಿಟ್ಟು ಬೀಸುವುದು, ರಾತ್ರಿ ಎದ್ದು ನೋಡುವುದು. ಹಿಂದಿನ ಒಂದು ಹಬ್ಬದ ದಿನ ನಾನು ಇದನ್ನೇ ಹೇಳಿ ಬಲಿಪೂಜೆ ಮುಗಿಸಿ ಹೊರಗೆ ಬಂದಾಗ ಆಟೋ ನಗರದ ಒಂದು ಕುಟುಂಬ ನನಗಾಗಿ ಕಾಯುತ್ತಿತ್ತು. ಮಗನಿಗೆ ಅಲ್ಲಿನ ಗ್ಯಾರೇಜೊಂದರಲ್ಲಿ ಕೆಲಸ. ಸೊಸೆಗೆ ಆಗ ನಾಲ್ಕು ತಿಂಗಳು.

ಅತ್ತೆಯೇ ಮಾತು ಆರಂಭಿಸಿದರು. "ಫಾದರ್, ದವಾಖಾನಿಂದ ಒಬ್ಬ ಸಿಸ್ಟರ್ ಬಂದಿದ್ರು. ಸಂಶೋಧನಾ ಐತಿ, ನಿಮ್ಮ ಸೊಸಿ ಅದರಾಗ ಸೇರಬೇಕು ಅಂತ ಕಾಗದ ಕೊಟ್ಟು ಹೋಗ್ಯಾರ. ನಮ್ಮ ಹುಡಿಗಿ ಮ್ಯಾಲ ಪ್ರಯೋಗ ಮಾಡ್ತಾರೇನ್ರಿ? ಸಹಿ ಮಾಡೂದೋ ಬ್ಯಾಡೋ?"

ನಾನು ವೈದ್ಯನಲ್ಲ. ಸೆಮಿನರಿಯಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ ಕಲಿತವನು. "ಅವ್ವಾ, ಒಂದು ವಾರ ತಡೀರಿ, ನಾನೂ ಓದಿ ನೋಡ್ತೀನಿ" ಎಂದೆ. ಓದಲು ಕುಳಿತಾಗ ತಿಳಿದದ್ದೆಂದರೆ, ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ, ನಮ್ಮ ದಾದಿಯರ ಕೈಯಿಂದಲೇ ನಡೆದ ಒಂದು ಅಧ್ಯಯನವನ್ನು ಜಗತ್ತಿನ ಹೆರಿಗೆ ವೈದ್ಯರು ಇಂದಿಗೂ ಉಲ್ಲೇಖಿಸುತ್ತಾರೆ. ಆ ಕಥೆಯನ್ನು ನಿಮ್ಮ ಮುಂದೆ ಇಡಬೇಕೆನಿಸಿತು.

ಅದಕ್ಕೂ ಮೊದಲು ನನ್ನ ಮನೆಯ ಒಂದು ಮಾತು. ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಖಾನಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ನನ್ನ ಚಿಕ್ಕಮ್ಮ ತೀರಿಕೊಂಡರು. ಆಗಸ್ಟ್ ತಿಂಗಳು, ಖಾನಾಪುರದ ಮಳೆ ಎಂಥದೆಂದು ಅಲ್ಲಿಯವರಿಗೆ ಗೊತ್ತು. ಮಗು ಚೆನ್ನಾಗಿ ಹುಟ್ಟಿತು, ಮಾಸೂ ಬಿದ್ದಿತು. ಎಲ್ಲರೂ ದೇವರಿಗೆ ಕೃತಜ್ಞತೆ ಹೇಳಿ ಮಗುವನ್ನು ನೋಡುತ್ತಿದ್ದರು. ತಾಯಿಯ ಕೆಳಗಿನ ಹಳೆಯ ಸೀರೆ ಒದ್ದೆಯಾಗುತ್ತಲೇ ಇತ್ತು. "ಹೆರಿಗೆ ಅಂದಮೇಲೆ ರಕ್ತ ಹೋಗೂದೇ" ಎಂದರು ಹಿರಿಯರು. ಚಕ್ಕಡಿ ಹೂಡುವ ಹೊತ್ತಿಗೆ ಅವರಿಗೆ ಮಾತು ನಿಂತಿತ್ತು. ಪಟ್ಟಣ ಮುಟ್ಟಲಿಲ್ಲ. ಆದಿಕಾಂಡದಲ್ಲಿ ರಾಖೇಲಳು ದಾರಿಯಲ್ಲೇ ಬೆನ್ಯಾಮೀನನನ್ನು ಹೆತ್ತು ಪ್ರಾಣಬಿಟ್ಟ ಭಾಗವನ್ನು ಓದುವಾಗಲೆಲ್ಲ ನನಗೆ ಆ ಚಕ್ಕಡಿ ಕಣ್ಣಮುಂದೆ ಬರುತ್ತದೆ. ಅಲ್ಲಿಯೂ ಒಬ್ಬ ಸೂಲಗಿತ್ತಿ ಇದ್ದಳು, ಆಕೆ ಧೈರ್ಯ ಹೇಳಿದಳು. ಅವಳ ಬಳಿ ಇದ್ದದ್ದು ಅಷ್ಟೇ.

ಮಗು ಹುಟ್ಟಿದ ನಂತರ ತಾಯಿ ಏಕೆ ಸಾಯುತ್ತಾಳೆ? ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿ ಬಿದ್ದಾಗ ಅದು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳು ಬಾಯಿ ತೆರೆದು ನಿಲ್ಲುತ್ತವೆ. ಸೃಷ್ಟಿಕರ್ತರ ಏರ್ಪಾಟು ಹೇಗಿದೆಯೆಂದರೆ, ಗರ್ಭಕೋಶದ ಸ್ನಾಯುಗಳು ಆ ಕೂಡಲೇ ಮುಷ್ಟಿ ಬಿಗಿದಂತೆ ಕುಗ್ಗಿ, ತಮ್ಮ ನಡುವೆ ಹಾದುಹೋಗುವ ನಾಳಗಳನ್ನು ಹಿಂಡಿ ಮುಚ್ಚುತ್ತವೆ. ಎಲ್ಲೋ ಕೆಲವರಲ್ಲಿ ಆ ಮುಷ್ಟಿ ಬಿಗಿಯುವುದಿಲ್ಲ, ಗರ್ಭಕೋಶ ಮೆತ್ತಗೆ ಉಳಿದುಬಿಡುತ್ತದೆ. ಆಗ ಒಂದೆರಡು ಗಂಟೆಗಳಲ್ಲಿ ಜೀವ ಹೋಗಬಹುದು. ಮೊದಲೇ ರಕ್ತಹೀನತೆ ಇದ್ದವಳಿಗೆ ಅಷ್ಟು ಸಮಯವೂ ಇರುವುದಿಲ್ಲ. ಹೆರಿಗೆಯ ನಂತರ 500 ಮಿಲಿಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದರೆ ಅದನ್ನು ಪ್ರಸವೋತ್ತರ ರಕ್ತಸ್ರಾವ ಎನ್ನುತ್ತಾರೆ. ಒಂದು ಲೀಟರ್ ದಾಟಿದರೆ ತೀವ್ರ ರಕ್ತಸ್ರಾವ.

ಇದಕ್ಕೆ ಔಷಧ ಇರಲಿಲ್ಲವೆಂದಲ್ಲ. ಗರ್ಭಕೋಶವನ್ನು ಕುಗ್ಗಿಸುವ ಆಕ್ಸಿಟೋಸಿನ್ ಇಂಜೆಕ್ಷನ್ ಬಹಳ ಹಿಂದಿನಿಂದಲೂ ಇದೆ. ಆದರೆ ಅದನ್ನು 2ರಿಂದ 8 ಡಿಗ್ರಿ ತಣ್ಣಗಿಡಬೇಕು, ಸೂಜಿ ಹಾಕಲು ಬಲ್ಲವರು ಬೇಕು. ದಿನಕ್ಕೆ ನಾಲ್ಕು ಗಂಟೆ ಕರೆಂಟ್ ಇರುವ ಊರಿನಲ್ಲಿ ಫ್ರಿಜ್ ಎಲ್ಲಿಂದ ತರೋಣ? 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದ ಹೆರಿಗೆಗಳು ಶೇಕಡಾ 65ರಷ್ಟು ಮಾತ್ರ. ಉಳಿದವರು ಮನೆಯಲ್ಲೇ ಹೆರುತ್ತಿದ್ದರು.

ಆಗ ವೈದ್ಯರ ಕಣ್ಣು ಬಿದ್ದದ್ದು ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯ ಮೇಲೆ. ಹೊಟ್ಟೆಹುಣ್ಣಿಗಾಗಿ ಬಂದ ಗುಳಿಗೆ ಅದು. ಗರ್ಭಕೋಶವನ್ನೂ ಕುಗ್ಗಿಸುತ್ತದೆಂದು ನಂತರ ತಿಳಿಯಿತು. ಬೆಲೆ ಕಡಿಮೆ, ಫ್ರಿಜ್ ಬೇಕಿಲ್ಲ, ಸೂಜಿ ಬೇಕಿಲ್ಲ, ನೀರಿನ ಜೊತೆ ನುಂಗಿದರಾಯಿತು. ಆದರೆ ದೊಡ್ಡ ಆಸ್ಪತ್ರೆಗಳಲ್ಲಿ ಹೋಲಿಸಿ ನೋಡಿದಾಗ ಇಂಜೆಕ್ಷನ್‌ಗಿಂತ ಅದು ಸ್ವಲ್ಪ ಹಿಂದೆಯೇ ಬಿತ್ತು. ಹಾಗಾದರೆ ಅದನ್ನು ಬಿಟ್ಟುಬಿಡಬೇಕೆ? ಪ್ರಶ್ನೆಯನ್ನೇ ತಿರುಗಿಸಿ ಕೇಳಿದವರು ನಮ್ಮವರು: ಇಂಜೆಕ್ಷನ್ ಸಿಗದ ಮನೆಯಲ್ಲಿ, ಏನೂ ಇಲ್ಲದಿರುವುದಕ್ಕಿಂತ ಈ ಗುಳಿಗೆ ಮೇಲೋ ಅಲ್ಲವೋ?

ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಆಟೋ ನಗರದಿಂದ ಅಷ್ಟೇನೂ ದೂರವಿಲ್ಲ. 1963ರಲ್ಲಿ ಆರಂಭವಾದದ್ದು. ಅಲ್ಲಿನ ಡಾ. ಬಿ. ಎಸ್. ಕೊಡ್ಕಣಿ, ಡಾ. ಶಿವಪ್ರಸಾದ ಗೌಡರ ಮತ್ತು ಸಂಗಡಿಗರು ಅಮೆರಿಕದ ಡಾ. ರಿಚರ್ಡ್ ಡರ್ಮನ್ ಅವರೊಂದಿಗೆ ಸೇರಿ 2002ರ ಸೆಪ್ಟೆಂಬರ್‌ನಿಂದ 2005ರ ಡಿಸೆಂಬರ್‌ವರೆಗೆ ಜಿಲ್ಲೆಯ ಗ್ರಾಮೀಣ ಭಾಗದಲ್ಲಿ ಈ ಅಧ್ಯಯನ ನಡೆಸಿದರು. ಒಟ್ಟು 1,620 ತಾಯಂದಿರು ಒಪ್ಪಿ ಸೇರಿದರು. ಹೆರಿಗೆ ಮಾಡಿಸಿದವರು, ಗುಳಿಗೆ ಕೊಟ್ಟವರು, ರಕ್ತ ಅಳೆದವರು ದೊಡ್ಡ ಡಾಕ್ಟರರಲ್ಲ, 25 ಮಂದಿ ಎಎನ್‌ಎಂ ಸಹೋದರಿಯರು. ಆಗಿನ ಸರ್ಕಾರಿ ಭಾಷೆಯಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯರು, ಊರವರ ಬಾಯಲ್ಲಿ 'ಸಿಸ್ಟರ್'.

ರಕ್ತ ಅಳೆಯುವುದು ಎಂದೆನಲ್ಲ, ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನನಗೆ ಹೆಚ್ಚು ಹಿಡಿಸಿದ್ದು ಅದೇ. ಬಟ್ಟೆಯಲ್ಲಿ ಇಂಗಿದ, ನೆಲಕ್ಕೆ ಹರಿದ, ನೀರಿನಲ್ಲಿ ಬೆರೆತ ರಕ್ತ ಎಷ್ಟು ಎಂದು ಯಾರು ಹೇಳಬಲ್ಲರು? ಅನುಭವಿಗಳೂ ಕಣ್ಣಂದಾಜಿನಲ್ಲಿ ಹೇಳುತ್ತಿದ್ದರು. ಈ ವೈದ್ಯರು ಒಂದು ಸರಳ ಸಾಧನ ಮಾಡಿದರು. ಪ್ಲಾಸ್ಟಿಕ್ ಹಾಳೆ, ಅದನ್ನು ಮಗು ಹುಟ್ಟಿದ ಕೂಡಲೇ ತಾಯಿಯ ಕೆಳಗೆ ಹಾಸಿ ಸೊಂಟಕ್ಕೆ ಕಟ್ಟುತ್ತಾರೆ. ಕೆಳತುದಿ ಆಲಿಕೆಯಂತೆ ಚೀಲವಾಗಿ ಇಳಿದಿರುತ್ತದೆ, ಅದರ ಮೇಲೆ ಗೆರೆ ಹಾಕಿ ಅಂಕಿ ಬರೆದಿರುತ್ತದೆ. ರಕ್ತ ಚೀಲಕ್ಕೆ ಇಳಿಯುತ್ತದೆ, ಸಿಸ್ಟರ್ ಗೆರೆ ನೋಡುತ್ತಾರೆ. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿ 123 ತಾಯಂದಿರನ್ನು ಎರಡು ಗುಂಪು ಮಾಡಿ, ಒಂದರಲ್ಲಿ ಕಣ್ಣಂದಾಜು, ಇನ್ನೊಂದರಲ್ಲಿ ಈ ಚೀಲ ಬಳಸಿ ನೋಡಿದಾಗ ಕಣ್ಣಂದಾಜು ಮೂರನೇ ಒಂದು ಭಾಗದಷ್ಟು ಕಡಿಮೆ ತೋರಿಸಿತ್ತು. ಚೀಲ ಆರುನೂರು ಎನ್ನುವಾಗ ಕಣ್ಣು ನಾಲ್ಕುನೂರು ಎನ್ನುತ್ತದೆ, ಆ ವ್ಯತ್ಯಾಸದಲ್ಲಿ ನನ್ನ ಚಿಕ್ಕಮ್ಮನಂಥವರು ಇದ್ದಾರೆ.

ಇದನ್ನು ಆ ಆಟೋ ನಗರದ ಯುವಕನಿಗೆ ವಿವರಿಸಿದಾಗ ಅವನಿಗೆ ನನಗಿಂತ ಬೇಗ ತಿಳಿಯಿತು. "ಫಾದರ್, ಎಂಜಿನ್ ಆಯಿಲ್ ಎಷ್ಟೈತಿ ಅಂತ ನಾವು ಅಂದಾಜಲೆ ಹೇಳೂದಿಲ್ರಿ. ಕಡ್ಡಿ ತಗದು, ಒರಸಿ, ಮತ್ತ ಇಳಿಸಿ ಗೆರಿ ನೋಡ್ತೀವಿ. ಲಾರಿಗೆ ಇಷ್ಟ್ ಮಾಡ್ತೀವಿ, ಬಾಣಂತಿಗೆ ಮಾಡಿಲ್ಲಲ್ರಿ ಇಷ್ಟ್ ದಿನಾ!" ಎಂದ.

ಈಗ ಅತ್ತೆಯವರ ಆತಂಕಕ್ಕೆ ಬರುತ್ತೇನೆ. ಬೆಳಗಾವಿಯ ಅಧ್ಯಯನದಲ್ಲಿ 812 ತಾಯಂದಿರಿಗೆ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್ ಗುಳಿಗೆ ಸಿಕ್ಕಿತು. 808 ಮಂದಿಗೆ ನೋಡಲು ಅದರಂತೆಯೇ ಇರುವ, ಆದರೆ ಔಷಧವಿಲ್ಲದ ಗುಳಿಗೆ ಸಿಕ್ಕಿತು. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದಂತೆ ನಿರ್ಧಾರ. "ಅರ್ಧ ಜನರಿಗೆ ಸುಳ್ಳು ಗುಳಿಗೆ ಕೊಟ್ಟರೇ? ಇದು ಪಾಪವಲ್ಲವೇ ಫಾದರ್?" ಎಂದು ಅವರು ಕೇಳಿದರು. ಇದು ಗಂಭೀರ ಪ್ರಶ್ನೆ, ಹಗುರವಾಗಿ ತಳ್ಳಿಹಾಕುವಂಥದಲ್ಲ.

ನಾನು ಯೋಚಿಸಿದ್ದು ಹೀಗೆ. ಆಗ ಮನೆಯ ಹೆರಿಗೆಯಲ್ಲಿ ರಕ್ತ ನಿಲ್ಲಿಸುವ ಔಷಧವನ್ನು ಮುಂಚಿತವಾಗಿ ಕೊಡುವ ರೂಢಿಯೇ ಇರಲಿಲ್ಲ. ಆದ್ದರಿಂದ ಯಾರ ಕೈಯಿಂದಲೂ ಸಿಗುತ್ತಿದ್ದ ಔಷಧವನ್ನು ಕಿತ್ತುಕೊಳ್ಳಲಿಲ್ಲ. ಎರಡೂ ಗುಂಪಿನವರ ಬಳಿ ತರಬೇತಿ ಪಡೆದ ಸಿಸ್ಟರ್ ಇದ್ದರು, ಗೆರೆ ಹಾಕಿದ ಚೀಲ ಇತ್ತು. ಗುಳಿಗೆ ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ಯಾರಿಗೂ ಖಚಿತವಿರಲಿಲ್ಲ. ಆ ಅನಿಶ್ಚಿತತೆ ಪ್ರಾಮಾಣಿಕವಾಗಿದ್ದಾಗ ಮಾತ್ರ ಚೀಟಿ ಎತ್ತುವುದು ನ್ಯಾಯ. ಗೊತ್ತಿದ್ದೂ ಒಬ್ಬಳಿಗೆ ಕೊಡದಿದ್ದರೆ ಅದು ಅನ್ಯಾಯವೇ. ಹೀಗಿದ್ದೂ ಇಂಥ ಅಧ್ಯಯನಗಳ ಬಗ್ಗೆ ಒಳ್ಳೆಯ ಮನಸ್ಸಿನವರೇ ಭಿನ್ನ ಅಭಿಪ್ರಾಯ ಇಟ್ಟುಕೊಂಡಿದ್ದಾರೆ, ಆ ಚರ್ಚೆ ನಡೆಯುತ್ತಿರುವುದೂ ಒಳ್ಳೆಯದೇ. ನಮ್ಮ ಧರ್ಮಸಭೆ ವೈದ್ಯಕೀಯ ಸಂಶೋಧನೆಯನ್ನು ವಿರೋಧಿಸುವುದಿಲ್ಲ. ಮಿತಿಮೀರಿದ ಅಪಾಯಕ್ಕೆ ಮನುಷ್ಯನನ್ನು ಒಡ್ಡಬಾರದು, ತಿಳಿಸಿ ಒಪ್ಪಿಗೆ ಪಡೆಯದೆ ಮುಟ್ಟಬಾರದು ಎಂಬುದು ಅದರ ಬೋಧನೆ.

ಫಲಿತಾಂಶ 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಔಷಧವಿಲ್ಲದ ಗುಳಿಗೆ ಪಡೆದವರಲ್ಲಿ ಶೇಕಡಾ 12 ಮಂದಿಗೆ ರಕ್ತಸ್ರಾವವಾಗಿತ್ತು, ಔಷಧ ಪಡೆದವರಲ್ಲಿ ಶೇಕಡಾ 6.4. ಅಂದರೆ ಹತ್ತಿರ ಹತ್ತಿರ ಅರ್ಧ. ಲೀಟರ್ ದಾಟುವ ತೀವ್ರ ರಕ್ತಸ್ರಾವ ಶೇಕಡಾ 1.2ರಿಂದ 0.2ಕ್ಕೆ ಇಳಿದಿತ್ತು. 18 ತಾಯಂದಿರಿಗೆ ಗುಳಿಗೆ ಕೊಟ್ಟರೆ ಒಬ್ಬಳಿಗೆ ರಕ್ತಸ್ರಾವ ತಪ್ಪುತ್ತದೆ ಎಂಬುದು ಲೆಕ್ಕ. ತೊಂದರೆ ಇರಲಿಲ್ಲವೇ? ಇತ್ತು. ಗುಳಿಗೆ ನುಂಗಿದವರಲ್ಲಿ ಚಳಿ ನಡುಕ, ಜ್ವರ ಹೆಚ್ಚಾಗಿ ಕಂಡಿತು, ಸ್ವಲ್ಪ ಹೊತ್ತಿಗೆ ಇಳಿಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ರಕ್ತಸ್ರಾವ ತಡೆಯಲು ಈ ಗುಳಿಗೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಆ ವರದಿಯಲ್ಲಿ ಇನ್ನೊಂದು ಸಾಲು ಇದೆ. ದಿನ ಕಳೆದಂತೆ ಎರಡೂ ಗುಂಪುಗಳಲ್ಲಿ ರಕ್ತಸ್ರಾವ ಕಡಿಮೆಯಾಗುತ್ತಾ ಹೋಯಿತಂತೆ. ಔಷಧವಿಲ್ಲದ ಗುಂಪಿನಲ್ಲೂ! ಎರಡರ ನಡುವಿನ ಅಂತರ ಮಾತ್ರ ಕೊನೆಯವರೆಗೂ ಉಳಿಯಿತು. ಬರೀ ಹೆಸರಿನ ಗುಳಿಗೆ ರಕ್ತ ನಿಲ್ಲಿಸುವುದಿಲ್ಲವಲ್ಲ? ನನ್ನ ತಿಳುವಳಿಕೆಗೆ ತೋಚುವುದು ಇಷ್ಟು: ಪ್ರತಿ ಹೆರಿಗೆಯಲ್ಲೂ ಗೆರೆ ನೋಡುತ್ತಾ ಕುಳಿತ ಆ 25 ಸಹೋದರಿಯರ ಕೈ ಪಳಗಿತು, ಕಣ್ಣು ತಾಯಿಯ ಮೇಲೇ ನೆಟ್ಟಿತು. ಮಗು ಹುಟ್ಟಿದೊಡನೆ ಮನೆಯವರೆಲ್ಲ ಮಗುವಿನ ಕಡೆ ತಿರುಗುತ್ತಾರೆ. ಅಳತೆ ಬರೆಯಬೇಕಾದವಳು ತಾಯಿಯ ಬಳಿಯೇ ಎರಡು ಗಂಟೆ ಕುಳಿತಿರಬೇಕು.

ನನ್ನ ಊಹೆ ಪೂರ್ತಿ ತಪ್ಪಲ್ಲವೆಂದು ತೋರಿಸುವ ಅಧ್ಯಯನ 2023ರಲ್ಲಿ ಬಂತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾ ದೇಶಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ತಾಯಂದಿರ ಮೇಲೆ ನಡೆದದ್ದು. ಅಲ್ಲಿ ಹೊಸ ಔಷಧವೇನೂ ಇರಲಿಲ್ಲ. ಬೆಳಗಾವಿಯಲ್ಲಿ ಬಳಸಿದಂಥದೇ ಗೆರೆ ಹಾಕಿದ ಚೀಲ. ಗೆರೆ ದಾಟಿದರೆ ಗರ್ಭಕೋಶ ಉಜ್ಜುವುದು, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಮ್ಲ, ಸಲೈನ್, ಒಳಗೆ ಪರೀಕ್ಷೆ. ಇವನ್ನು ಒಂದಾದ ಮೇಲೊಂದು ಕಾಯುತ್ತಾ ಕೂರದೆ ಒಟ್ಟಿಗೇ ಮಾಡುವುದು. ಕಣ್ಣಂದಾಜಿನ ಆಸ್ಪತ್ರೆಗಳಲ್ಲಿ ರಕ್ತಸ್ರಾವವಾದ ತಾಯಂದಿರಲ್ಲಿ ಅರ್ಧದಷ್ಟು ಮಂದಿಯನ್ನು ಮಾತ್ರ ಗುರುತಿಸಿದ್ದರು, ಚೀಲ ಬಳಸಿದಲ್ಲಿ ಶೇಕಡಾ 93. ತೀವ್ರ ತೊಂದರೆ ಶೇಕಡಾ 60ರಷ್ಟು ತಗ್ಗಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ರಕ್ತವನ್ನು ಅಳೆದೇ ನೋಡಬೇಕೆಂದು ಶಿಫಾರಸು ಮಾಡಿತು. 2025ರ ಅಕ್ಟೋಬರ್‌ನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, 300 ಮಿಲಿಲೀಟರ್ ಹೋಗಿ ನಾಡಿ ಅಥವಾ ರಕ್ತದೊತ್ತಡ ಏರುಪೇರಾಗಿದ್ದರೆ 500ರ ಗೆರೆಗೆ ಕಾಯಬೇಡಿ, ಚಿಕಿತ್ಸೆ ಆರಂಭಿಸಿ ಎಂದಿತು.

ಬೆಳಗಾವಿಯ ತಂಡ ಅಲ್ಲಿಗೇ ನಿಲ್ಲಲಿಲ್ಲ. 2020ರಲ್ಲಿ ಪ್ರಕಟವಾದ ಆರು ದೇಶಗಳ ಅಧ್ಯಯನವೊಂದರಲ್ಲಿ ನಮ್ಮ ಜಿಲ್ಲೆಯ ಗರ್ಭಿಣಿಯರೂ ಇದ್ದರು. ಚೊಚ್ಚಲ ಗರ್ಭಿಣಿಯರಿಗೆ ದಿನವೂ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಟ್ಟಾಗ ತಿಂಗಳು ತುಂಬದ ಹೆರಿಗೆಗಳು ಶೇಕಡಾ 11ರಷ್ಟು ಕಡಿಮೆಯಾದವು. ಇದನ್ನು ಓದಿ ಯಾರೂ ಮನೆಯಲ್ಲೇ ಆಸ್ಪಿರಿನ್ ನುಂಗಬೇಡಿ. ಅದು ವೈದ್ಯರು ಪರೀಕ್ಷಿಸಿ ಹೇಳಬೇಕಾದ ಮಾತು. ಮಿಸೊಪ್ರೊಸ್ಟಾಲ್‌ನ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಮಗು ಹೊರಬರುವ ಮೊದಲೇ ಈ ಪ್ರಮಾಣದ ಗುಳಿಗೆ ನುಂಗಿದರೆ ಗರ್ಭಕೋಶವೇ ಹರಿಯಬಹುದು.

ಇಂದು ಪರಿಸ್ಥಿತಿ ಬಹಳ ಬದಲಾಗಿದೆ. 2005ರಿಂದ ಆಶಾ ಸಹೋದರಿಯರು ಬಂದರು, 2008ರಿಂದ 108 ವಾಹನ ಬಂತು. 2019-21ರ ಸಮೀಕ್ಷೆಯ ಪ್ರಕಾರ ಕರ್ನಾಟಕದ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿದ್ದವು. ಒಂದು ಲಕ್ಷ ಜೀವಂತ ಜನನಗಳಿಗೆ ತೀರಿಕೊಳ್ಳುವ ತಾಯಂದಿರ ಸಂಖ್ಯೆ ನಮ್ಮ ರಾಜ್ಯದಲ್ಲಿ 2001-03ರಲ್ಲಿ 228 ಇದ್ದದ್ದು 2018-20ರ ಹೊತ್ತಿಗೆ 69ಕ್ಕೆ ಇಳಿಯಿತು. ಇದನ್ನೆಲ್ಲ ಒಂದು ಗುಳಿಗೆ ಮಾಡಿತೆಂದರೆ ತಪ್ಪಾದೀತು. ರಸ್ತೆ, ವಾಹನ, ರಕ್ತನಿಧಿ, ಹೆಣ್ಣುಮಕ್ಕಳ ವಿದ್ಯೆ, ಮದುವೆಯ ವಯಸ್ಸು ಎಲ್ಲವೂ ಸೇರಿವೆ. ಆಸ್ಪತ್ರೆಗೆ ಹೋದ ಮಾತ್ರಕ್ಕೆ ಎಲ್ಲ ಮುಗಿಯಿತು ಎನ್ನುವಂತೆಯೂ ಇಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರಂತೆ ತೀರಿಕೊಂಡದ್ದನ್ನು ನಾವೆಲ್ಲ ಓದಿದ್ದೇವೆ.

ಒಂದು ವಾರದ ನಂತರ ಆ ಕುಟುಂಬ ಮತ್ತೆ ಬಂತು. ಸಹಿ ಮಾಡಿ ಎಂದಾಗಲಿ, ಬೇಡ ಎಂದಾಗಲಿ ನಾನು ಹೇಳಲಿಲ್ಲ. ಆ ನಿರ್ಧಾರ ಗುರುಗಳದಲ್ಲ, ಅತ್ತೆಯದೂ ಅಲ್ಲ, ಗಂಡನದೂ ಅಲ್ಲ. ಹೊಟ್ಟೆಯಲ್ಲಿ ಮಗುವನ್ನು ಹೊತ್ತವಳದು. ಸಹಿ ಮಾಡುವ ಮುನ್ನ ಏನೇನು ಕೇಳಬೇಕು ಎಂಬುದನ್ನಷ್ಟೇ ಹೇಳಿದೆ. ಇದು ಯಾವುದಕ್ಕಾಗಿ, ನನಗೆ ಏನು ಕೊಡುತ್ತೀರಿ, ನನಗೂ ಮಗುವಿಗೂ ಏನು ತೊಂದರೆ ಆಗಬಹುದು? ಸೇರದಿದ್ದರೆ ನನ್ನ ಮಾಮೂಲು ಚಿಕಿತ್ಸೆಗೆ ಧಕ್ಕೆ ಬರುತ್ತದೆಯೇ? (ಬರಬಾರದು, ಅದು ನಿಯಮ.) ನಡುವೆ ಬೇಡವೆನಿಸಿದರೆ ಬಿಟ್ಟು ಬರಬಹುದೇ? ಬರಬಹುದು, ಕಾರಣ ಹೇಳುವ ಅಗತ್ಯವೂ ಇಲ್ಲ. ಮಾಹಿತಿ ಪತ್ರ ನಿಮಗೆ ಓದಲು ಬರುವ ಭಾಷೆಯಲ್ಲಿರಬೇಕು, ಕನ್ನಡವೋ ಮರಾಠಿಯೋ. ಅದರ ಒಂದು ಪ್ರತಿ ನಿಮ್ಮ ಮನೆಯಲ್ಲಿ ಉಳಿಯಬೇಕು. ಓದಲು ಬಾರದವರು ಹೆಬ್ಬೆಟ್ಟು ಒತ್ತುವುದಾದರೆ ಆ ಅಧ್ಯಯನಕ್ಕೆ ಸಂಬಂಧಪಡದ ಒಬ್ಬ ಸಾಕ್ಷಿ ಪಕ್ಕದಲ್ಲಿರಬೇಕು. ನೈತಿಕ ಸಮಿತಿಯ ಫೋನ್ ನಂಬರ್ ಆ ಕಾಗದದಲ್ಲಿ ಇದೆಯೇ ನೋಡಿ. ನಮ್ಮ ದೇಶದಲ್ಲಿ ನಡೆಯುವ ಔಷಧ ಪ್ರಯೋಗಗಳನ್ನು ಸರ್ಕಾರದ ನೋಂದಣಿ ಪಟ್ಟಿಯಲ್ಲಿ ದಾಖಲಿಸುವುದು 2009ರಿಂದ ಕಡ್ಡಾಯ. ಆ ನೋಂದಣಿ ಸಂಖ್ಯೆ ಕೇಳಿ. 2019ರ ನಿಯಮಗಳ ಪ್ರಕಾರ ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೊಡಬೇಕು. ಬಂದ ಸಿಸ್ಟರ್‌ಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ. ಬೇಸರ ಮಾಡಿಕೊಂಡರೆ ಸಹಿ ಮಾಡಬೇಡಿ.

ಅತ್ತೆ ಎಲ್ಲವನ್ನೂ ಕೇಳಿ, "ನಮ್ಮ ಕಾಲದಾಗ ಯಾರೂ ಏನೂ ಕೇಳತಿರಲಿಲ್ಲ ಬಿಡ್ರಿ" ಎಂದರು. ಸೊಸೆ ಅಲ್ಲಿಯವರೆಗೂ ಒಂದು ಮಾತೂ ಆಡಿರಲಿಲ್ಲ. ಕಾಗದವನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು ಹೊರಟಳು.

ಮುಂದಿನ ಸಲ ಸಿಸ್ಟರ್ ಬಂದಾಗ ಅವಳು ನನ್ನ ಪಟ್ಟಿಯಲ್ಲಿದ್ದದ್ದನ್ನೆಲ್ಲ ಕೇಳಿದಳಂತೆ. ಜೊತೆಗೆ ನನಗೆ ಹೊಳೆಯದ ಒಂದನ್ನೂ ಸೇರಿಸಿದಳಂತೆ: "ಎಲ್ಲಾ ಮುಗದ ಮ್ಯಾಲ ಏನ್ ಗೊತ್ತಾತು ಅಂತ ನಮಗ ಬಂದು ಹೇಳ್ತೀರೇನ್ರಿ, ಅಕ್ಕಾರ?" ಸಿಸ್ಟರ್ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೇಳಿ ಹೇಳುತ್ತೇನೆ ಎಂದು ಹೋದರು. ಎರಡು ದಿನ ಬಿಟ್ಟು ಬಂದು, ಹೇಳುತ್ತೇವೆ ಎಂದರು. ಅವಳು ಅಂದು ಸಹಿ ಮಾಡಿದಳು. ನವೆಂಬರ್‌ನಲ್ಲಿ ಹೆಣ್ಣುಮಗು ಹುಟ್ಟಿತು. ದೀಕ್ಷಾಸ್ನಾನಕ್ಕೆ ಬಂದಾಗ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು, ಹೆರಿಗೆಯ ನಂತರ ಎಷ್ಟು ರಕ್ತ ಹೋಯಿತೆಂದು ದಾದಿಯನ್ನು ತಾವೇ ಕೇಳಿ ತಿಳಿದುಕೊಂಡೆವೆಂದು ಹೇಳಿದರು. ಇನ್ನೂರೈವತ್ತು.